ನಾನೂ ರಕ್ತಪಿಶಾಚಿಗಳೂ

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಸಂಪಾದಕ ಮಂಡಲಿಯ ಮಿತ್ರನೊಬ್ಬ ಒಂದು ತಿಂಗಳಿನಿಂದ ನನ್ನ ಬೆನ್ನು ಹತ್ತಿದ್ದಾನೆ. ವಿಷಯ ಯಾವುದಾದರೂ ಆಗಬಹುದು ಎಂದು ಅವನು ಅಭಯವನ್ನೂ ಕೊಟ್ಟಿದ್ದ. ಆದರೆ ನಾನು ನನ್ನ ವಿಷಯವನ್ನು ತಿಳಿಸಿದೊಡನೆ ಅವನು ಸುತ್ತಮುತ್ತ ನೋಡಿ, ದನಿ ತಗ್ಗಿಸಿ, "ಪ್ರಿನ್ಸಿಪಾಲರು ಓದ್ತಾರೆ ಕಣೋ" ಎಂದ. ಓದಲಿ. ಗುರುಗಳು ಓದಬಾರದಂಥದ್ದನ್ನು ಬರೆಯುವ ಉದ್ದೇಶ ನನಗಿಲ್ಲ. ಓದಿದ ಮೇಲೆ ಅವರು ಒಂದು ಕ್ಷಣ ಸುಮ್ಮನೆ ಕುಳಿತರೆ ನನ್ನ ಶ್ರಮ ಸಾರ್ಥಕ.

ನನ್ನ ವಿಷಯ ಇದು: 1970ರ ಆಸುಪಾಸಿನಲ್ಲಿ ಫ್ರಾನ್ಸ್, ಸ್ಪೇನ್, ಬೆಲ್ಜಿಯಂ, ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ಅಲ್ಪ ಹಣದಲ್ಲಿ ತಯಾರಾದ ರಕ್ತಪಿಶಾಚಿಯ ಚಿತ್ರಗಳು, ಅವುಗಳಲ್ಲಿಯೂ ಭಯಕ್ಕೆ ಶೃಂಗಾರವನ್ನು ಧಾರಾಳವಾಗಿ ಬೆರೆಸಿದವು. ಎರಡು ವರ್ಷಗಳಿಂದ ನಾನು ಇವನ್ನು ಹುಡುಕಿ ಹುಡುಕಿ ನೋಡುತ್ತಿದ್ದೇನೆ. ಯಾಕೆ ನೋಡುತ್ತೇನೆ ಎಂದು ಕೇಳಿದವರಿಗೆಲ್ಲ ಒಂದೊಂದು ಸುಳ್ಳು ಹೇಳಿದ್ದೇನೆ. ಇಲ್ಲಿ ನಿಜವನ್ನೇ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ತಪ್ಪೊಪ್ಪಿಗೆ. ನಾನು ಈ ಚಿತ್ರಗಳ ಬಳಿಗೆ ಹೋದದ್ದು ಕಲೆಯನ್ನು ಅರಸಿಕೊಂಡಲ್ಲ. ವಿದ್ಯಾರ್ಥಿನಿಲಯದ ನಮ್ಮ ಕೋಣೆಯಲ್ಲಿ ನಾವು ನಾಲ್ವರು. ಒಬ್ಬನ ಬಳಿ ಹಳೆಯ ಲ್ಯಾಪ್‌ಟಾಪ್ ಇತ್ತು. ಒಂದು ಭಾನುವಾರ ರಾತ್ರಿ, ಚಿತ್ರದ ಭಿತ್ತಿಪತ್ರದಲ್ಲಿದ್ದ ಹೆಂಗಸಿನ ಮೈಮೇಲೆ ಬಟ್ಟೆ ಕಡಮೆಯಿತ್ತು ಎಂಬ ಏಕಮಾತ್ರ ಕಾರಣದಿಂದ ನಾವು ಒಂದು ಫ್ರೆಂಚ್ ಚಿತ್ರವನ್ನು ಆರಿಸಿಕೊಂಡೆವು. ಅದು ಜಾನ್ ರೊಲಾಂ ಎಂಬಾತ 1971ರಲ್ಲಿ ತೆಗೆದ 'ಲ ಫ್ರಿಸೊಂ ದೆ ವಾಂಪೀರ್'. ರಕ್ತಪಿಶಾಚಿಗಳು ಹುಟ್ಟಿಸುವ ನಡುಕ ಎಂದು ಅರ್ಥ ಹೇಳಬಹುದು. ಹೊಸದಾಗಿ ಮದುವೆಯಾದ ಗಂಡಹೆಂಡಿರು ಬಂಧುಗಳ ಹಳೆಯ ಕೋಟೆಮನೆಗೆ ಬರುತ್ತಾರೆ. ರಾತ್ರಿ ಹನ್ನೆರಡು ಹೊಡೆಯುತ್ತದೆ. ಆಳೆತ್ತರದ ಗಡಿಯಾರದ ಬಾಗಿಲು ತೆರೆದು ಅದರೊಳಗಿಂದ ಪಿಶಾಚಿನಿ ಹೊರಗೆ ಬರುತ್ತಾಳೆ.

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. "ನಮ್ಮ ತಾತನ ಮನೆ ಗಡಿಯಾರದಿಂದ ಜಿರಲೆ ಬರೋದು, ಅಷ್ಟೆ" ಎಂದ ಒಬ್ಬ. ನಟರು ಮಾತನ್ನು ಒಪ್ಪಿಸುತ್ತಿದ್ದ ರೀತಿ ನಮ್ಮೂರ ಶಾಲೆಯ ವಾರ್ಷಿಕೋತ್ಸವದ ನಾಟಕವನ್ನು ನೆನಪಿಗೆ ತರುತ್ತಿತ್ತು. ಅರ್ಧ ಗಂಟೆಯಲ್ಲಿ ಮೂವರಿಗೂ ನಿದ್ದೆ ಬಂತು. ಅವರು ನಿರೀಕ್ಷಿಸಿದ್ದು ಅಲ್ಲಿ ಇತ್ತು. ಆದರೆ ಇದ್ದೂ ಅವರನ್ನು ಎಚ್ಚರವಾಗಿಡಲಿಲ್ಲ. ಲ್ಯಾಪ್‌ಟಾಪ್ ಮುಚ್ಚಲೆಂದು ಎದ್ದ ನಾನು ಮುಚ್ಚದೆ ನಿಂತೆ. ನಿಂತವನು ಕುಳಿತೆ. ಕೊನೆಯಲ್ಲಿ ಬೆಳಗಿನ ಜಾವದ ಒಂದು ಸಮುದ್ರತೀರ ಬಂತು: ಬೂದುಬಣ್ಣದ ಆಕಾಶ, ದುಂಡುಗಲ್ಲುಗಳು, ನೀರಿನೊಳಕ್ಕೆ ಸಾಲಾಗಿ ಹೋಗುವ ಮರದ ಕಂಬಗಳು, ಹಿಂದೆ ಬಿಳಿಯ ಸುಣ್ಣಕಲ್ಲಿನ ಕಡಿದಾದ ಗುಡ್ಡ. ಮದುಮಗಳನ್ನು ಕಳೆದುಕೊಂಡ ಗಂಡ ಅಲ್ಲಿ ಒಬ್ಬನೇ. ನನಗೆ ಹೆದರಿಕೆಯಾಗಲಿಲ್ಲ, ನಾನು ಬಯಸಿದ್ದ ಬೇರೆ ಭಾವವೂ ಉಂಟಾಗಲಿಲ್ಲ. ಗಂಟಲು ಕಟ್ಟಿತು. ಇಷ್ಟು ಕೆಟ್ಟ ಚಿತ್ರಕ್ಕೆ ಗಂಟಲು ಕಟ್ಟುವುದೇಕೆ ಎಂಬ ಪ್ರಶ್ನೆ ಅಂದು ಹುಟ್ಟಿತು.

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಈ ಚಿತ್ರಗಳ ವಂಶಾವಳಿಯನ್ನು ಸ್ವಲ್ಪದರಲ್ಲಿ ಹೇಳಬೇಕು. ರಕ್ತ ಹೀರುವ ಪ್ರೇತ ಎಂದೊಡನೆ ಎಲ್ಲರಿಗೂ ನೆನಪಾಗುವುದು ಬ್ರಾಮ್ ಸ್ಟೋಕರನ 'ಡ್ರಾಕುಲಾ' (1897). ಆದರೆ ಅದಕ್ಕೆ ಇಪ್ಪತ್ತೈದು ವರ್ಷ ಮೊದಲೇ, 1872ರಲ್ಲಿ, ಐರ್ಲೆಂಡಿನವನೇ ಆದ ಶೆರಿಡನ್ ಲೆ ಫಾನು 'ಕಾರ್ಮಿಲ್ಲಾ' ಎಂಬ ಕತೆಯನ್ನು ಪುಸ್ತಕದಲ್ಲಿ ಪ್ರಕಟಿಸಿದ. ಅದರಲ್ಲಿ ಪಿಶಾಚಿ ಗಂಡಸಲ್ಲ, ಸುಂದರಿಯಾದ ತರುಣಿ. ಅವಳು ಒಲಿಯುವುದು ಒಂಟಿತನದಲ್ಲಿ ಬೆಳೆದ ಇನ್ನೊಬ್ಬ ತರುಣಿಗೆ. ಒಲವು ಯಾವುದು, ಹಸಿವು ಯಾವುದು ಎಂದು ಆ ಹುಡುಗಿಗೂ ತಿಳಿಯುವುದಿಲ್ಲ, ಓದುವ ನಮಗೂ ತಿಳಿಯುವುದಿಲ್ಲ. ನಾನು ಹೇಳುತ್ತಿರುವ ಚಿತ್ರಗಳಲ್ಲಿ ಹೆಚ್ಚಿನವು ಡ್ರಾಕುಲಾನಿಗಿಂತ ಈ ಕಾರ್ಮಿಲ್ಲಾಳಿಗೆ ಹತ್ತಿರದ ಸಂತಾನ.

ನಮ್ಮ ಕಡೆ ಒಂದು ಕಾಲದಲ್ಲಿ ಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ಅದು ವಾಚಕರಿಗೆ ನೆನಪಿರಬಹುದು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗಿ, ಮರುದಿನ ಬಂದು ಮತ್ತೆ ಓದಿ ಹಿಂದಿರುಗುತ್ತದೆ. ಸ್ಟೋಕರನ ಕಾದಂಬರಿಯ ನಿಯಮ ಬೇರೆ. ಒಳಗಿದ್ದವರು ಒಮ್ಮೆ ಬಾ ಎನ್ನುವ ತನಕ ಅಲ್ಲಿನ ಪಿಶಾಚಿ ಹೊಸ್ತಿಲು ದಾಟಲಾರದು. ನಾವು ಬರುವ ದೆವ್ವವನ್ನು ಉಪಾಯದಿಂದ ಮುಂದೂಡುತ್ತೇವೆ. ಅಲ್ಲಿ ದೆವ್ವ ಬಂದಿತೆಂದರೆ ಒಳಗಿನವರು ಯಾರೋ ಕರೆದಿದ್ದಾರೆ ಎಂದು ಅರ್ಥ. ಈ ವ್ಯತ್ಯಾಸವನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಈ ಚಿತ್ರಗಳು ಹುಟ್ಟಿದ್ದು ವ್ಯಾಪಾರದಿಂದ. 1960ರ ದಶಕದಲ್ಲಿ ಟೆಲಿವಿಷನ್ ಯುರೋಪಿನ ಚಿತ್ರಮಂದಿರಗಳಿಂದ ಜನರನ್ನು ಮನೆಗೆ ಸೆಳೆದುಕೊಂಡಿತು. ದಶಕದ ಕೊನೆಗೆ ಹಲವು ದೇಶಗಳಲ್ಲಿ ಸೆನ್ಸಾರಿನ ಹಿಡಿತ ಸಡಿಲಿತು. ಮನೆಯ ಪೆಟ್ಟಿಗೆ ತೋರಿಸಲಾರದ್ದನ್ನು ತೋರಿಸಿದರೆ ಜನ ಬಂದಾರೆಂಬುದು ನಿರ್ಮಾಪಕರ ಲೆಕ್ಕ: ಒಂದು ಪಾಲು ರಕ್ತ, ಒಂದು ಪಾಲು ನಗ್ನತೆ, ಎರಡಕ್ಕೂ ಖರ್ಚು ಕಡಮೆ. ಜನರಲ್ ಫ್ರಾಂಕೋ ಆಳುತ್ತಿದ್ದ ಸ್ಪೇನಿನಲ್ಲಿ ಸೆನ್ಸಾರು ಬಿಗಿಯಾಗಿಯೇ ಇತ್ತು. ಆದ್ದರಿಂದ ಅಲ್ಲಿ ಕೆಲವು ಚಿತ್ರಗಳನ್ನು ಎರಡು ಬಗೆಯಲ್ಲಿ ತೆಗೆಯುತ್ತಿದ್ದರು. ಬಟ್ಟೆ ತೊಟ್ಟದ್ದು ಸ್ವದೇಶಕ್ಕೆ, ಬಟ್ಟೆ ಕಳಚಿದ್ದು ರಫ್ತಿಗೆ. ಇದನ್ನು ಓದಿದಾಗ ಹಬ್ಬಕ್ಕೆ ಊರಿಗೆ ಹೊರಡುವ ಮುನ್ನ ಮೊಬೈಲನ್ನು ಶುದ್ಧಿ ಮಾಡಿಕೊಳ್ಳುವ ನಮ್ಮ ವಿದ್ಯಾರ್ಥಿನಿಲಯದ ಮಿತ್ರರು ನನಗೆ ನೆನಪಾದರು.

ವ್ಯಾಪಾರಿ ಕೇಳಿದ್ದು ಅಷ್ಟು. ಆದರೆ ಕೆಲವರು ಕೇಳಿದ್ದನ್ನು ಕೊಟ್ಟು, ಅದರ ಮರೆಯಲ್ಲಿ ತಮಗೆ ಬೇಕಾದುದನ್ನು ಒಳಗೆ ಸಾಗಿಸಿಬಿಟ್ಟರು. ಜಾನ್ ರೊಲಾಂ (1938–2010) ಅಂಥವನು. ನಾನು ಆ ರಾತ್ರಿ ಕಂಡ ಸಮುದ್ರತೀರ ಫ್ರಾನ್ಸಿನ ಉತ್ತರದಲ್ಲಿ ದಿಯೆಪ್ ಊರಿನ ಹತ್ತಿರದ ಪೂರ್ವಿಲ್ ಎಂಬಲ್ಲಿಯದು. ಅವನು 1958ರಲ್ಲಿ, ಇಪ್ಪತ್ತು ವರ್ಷದ ಹುಡುಗ, ತನ್ನ ಮೊದಲ ಕಿರುಚಿತ್ರವನ್ನು ತೆಗೆದದ್ದೂ ಅಲ್ಲೇ. ಆಮೇಲೆ ಕತೆ ಯಾವುದೇ ಇರಲಿ, ಪಾತ್ರಗಳು ಎಲ್ಲೇ ಹುಟ್ಟಿರಲಿ, ಚಿತ್ರದಿಂದ ಚಿತ್ರಕ್ಕೆ ಅವನು ಆ ಕಂಬಗಳ ಬಳಿಗೇ ಮರಳಿ ಬರುತ್ತಾನೆ. ಹೊಸ ಸ್ಥಳಕ್ಕೆ ಹೋಗಲು ಹಣವಿರಲಿಲ್ಲ ಎನ್ನಬಹುದು. ಹಣವಿದ್ದಿದ್ದರೂ ಅವನು ಅಲ್ಲಿಗೇ ಹೋಗುತ್ತಿದ್ದನೆಂದು ನನಗೆ ತೋರುತ್ತದೆ.

ಅವನ ಮೊದಲ ದೊಡ್ಡ ಚಿತ್ರದ ಕತೆಯೇ ಒಂದು ವಿನೋದ. ಹಳೆಯ ಅಮೆರಿಕನ್ ಚಿತ್ರವೊಂದರ ಜತೆಗೆ ತೋರಿಸಲು ಒಂದು ಚಿಕ್ಕ ಚಿತ್ರ ಬೇಕಾಗಿತ್ತು. ರೊಲಾಂ ಅದನ್ನು ತೆಗೆದುಕೊಟ್ಟ. ನಿರ್ಮಾಪಕರು ಮೆಚ್ಚಿ, ಇದನ್ನೇ ಪೂರ್ಣ ಚಿತ್ರವಾಗಿ ಬೆಳೆಸು ಎಂದರು. ಆದರೆ ಕತೆಯ ಮುಖ್ಯರೆಲ್ಲ ಆ ಹೊತ್ತಿಗಾಗಲೇ ಸತ್ತುಹೋಗಿದ್ದರು! ರೊಲಾಂ ಧೃತಿಗೆಡದೆ ಎರಡನೆಯ ಭಾಗದಲ್ಲಿ ಅವರನ್ನು ಎಬ್ಬಿಸಿ ಕೂರಿಸಿದ. ಪಿಶಾಚಿಯ ಕತೆಯಲ್ಲಿ ಇದೊಂದು ಅನುಕೂಲ. ಚಿತ್ರ ಪ್ಯಾರಿಸಿನಲ್ಲಿ ತೆರೆಗೆ ಬಂದದ್ದು 1968ರ ಮೇ ತಿಂಗಳಲ್ಲಿ. ವಿದ್ಯಾರ್ಥಿಗಳೂ ಕಾರ್ಮಿಕರೂ ಬೀದಿಗಿಳಿದು ದೇಶವೇ ಸ್ತಬ್ಧವಾಗಿದ್ದ ತಿಂಗಳು ಅದು. ನೋಡಲು ಬೇರೆ ಹೊಸ ಚಿತ್ರಗಳು ಹೆಚ್ಚಿಲ್ಲದ್ದರಿಂದ ಜನ ಇದಕ್ಕೆ ನುಗ್ಗಿದರು. ತಲೆಬುಡ ತಿಳಿಯದೆ ಸಿಟ್ಟಿಗೆದ್ದು ಕೂಗಾಡಿದರು, ಕೈಗೆ ಸಿಕ್ಕಿದ್ದನ್ನು ತೆರೆಯ ಮೇಲೆ ಎಸೆದರು. ಅವರಿಗೆ ಭಯ ಕೊಡುತ್ತೇನೆಂದು ಹೇಳಿ ಕನಸು ಕೊಟ್ಟರೆ ಇನ್ನೇನಾದೀತು?

ಇಲ್ಲಿ ಬಡತನದ ಮಾತು ಬರುತ್ತದೆ. ಹಣವಿದ್ದ ಚಿತ್ರಕಾರ ಸ್ಟುಡಿಯೋದಲ್ಲಿ ಕೋಟೆ ಕಟ್ಟಿಸುತ್ತಾನೆ, ಮಂಜನ್ನು ಯಂತ್ರದಿಂದ ಬಿಡಿಸುತ್ತಾನೆ. ಹಣವಿಲ್ಲದವನು ನಿಜವಾದ ಪಾಳುಕೋಟೆಯನ್ನು ಹುಡುಕಿಕೊಂಡು ಹೋಗಬೇಕು. ಮಂಜು ಬಂದ ದಿನ ತೆಗೆಯಬೇಕು. ಸ್ಪೇನಿನವನಾದ ಹೊಸೆ ರಮೋನ್ ಲಾರಾಸ್ 1974ರಲ್ಲಿ 'ವಾಂಪೈರ್ಸ್' ಚಿತ್ರವನ್ನು ತೆಗೆದದ್ದು ಇಂಗ್ಲೆಂಡಿನ ಥೇಮ್ಸ್ ನದಿಯ ದಡದಲ್ಲಿ, ವಿಂಡ್ಸರ್ ಸಮೀಪದ ಓಕ್ಲಿ ಕೋರ್ಟ್ ಎಂಬ ಹಳೆಯ ಬಂಗಲೆಯ ಆಸರೆಯಲ್ಲಿ. ಆ ಚಿತ್ರದ ಕತೆಯನ್ನು ಮರೆತರೂ ತೇವ ಹಿಡಿದ ಆ ಮರಗಳನ್ನೂ ಒದ್ದೆ ಎಲೆಗಳ ದಾರಿಯನ್ನೂ ಮರೆಯಲಾಗುವುದಿಲ್ಲ. ನೋಡುತ್ತಿದ್ದರೆ ಕಾಲಿಗೆ ತಣ್ಣಗಾಗುತ್ತದೆ. ಬೆಲ್ಜಿಯಮ್ಮಿನ ಹ್ಯಾರಿ ಕ್ಯೂಮೆಲ್ 1971ರಲ್ಲಿ 'ಡಾಟರ್ಸ್ ಆಫ್ ಡಾರ್ಕ್‌ನೆಸ್' ಚಿತ್ರಕ್ಕೆ ಓಸ್ಟೆಂಡ್ ಎಂಬ ಕಡಲೂರಿನ ಚಳಿಗಾಲವನ್ನು ಆರಿಸಿಕೊಂಡ. ಬೇಸಗೆಯ ಪ್ರವಾಸಿಗಳು ಹೋದ ಮೇಲೆ ಬರಿದಾದ ದೊಡ್ಡ ಹೋಟೆಲು, ನಡೆಯುವವರಿಲ್ಲದ ಕಡಲದಂಡೆ. ಪಾತ್ರಗಳು ಬೆರಳೆಣಿಕೆಯಷ್ಟು, ಆದ್ದರಿಂದಲೇ ಜಗತ್ತಿನಲ್ಲಿ ಇವರಷ್ಟೇ ಉಳಿದಿದ್ದಾರೆ ಎಂಬ ಭಾವ ಹುಟ್ಟುತ್ತದೆ. ಆ ಹೋಟೆಲಿಗೆ ಬರುವ ರಾಣಿವಾಸದ ಹೆಂಗಸನ್ನು ಕಂಡು ಅಲ್ಲಿನ ಮುದಿ ಗುಮಾಸ್ತ ಬೆಚ್ಚುತ್ತಾನೆ. ತಾನು ಹುಡುಗನಾಗಿ ಅದೇ ಹೋಟೆಲಿನಲ್ಲಿ ಸಾಮಾನು ಹೊರುತ್ತಿದ್ದಾಗ ಇವಳು ಬಂದಿದ್ದಳು. ಈಗಲೂ ಅದೇ ಮುಖ, ಅದೇ ವಯಸ್ಸು. ಭಯ ಹುಟ್ಟಿಸಲು ಕ್ಯೂಮೆಲ್ ಖರ್ಚು ಮಾಡಿದ್ದು ಒಬ್ಬ ಮುದುಕನ ಕಣ್ಣುಗಳನ್ನು ಮಾತ್ರ.

ಸ್ಪೇನಿನ ಹೆಸೂಸ್ ಫ್ರಾಂಕೋ (1930–2013) ಎಂಬವನ ವಿಷಯವನ್ನೂ ಹೇಳಬೇಕು. ಇವನಿಗೂ ಆ ಸರ್ವಾಧಿಕಾರಿಗೂ ಹೆಸರೊಂದನ್ನು ಬಿಟ್ಟರೆ ನಂಟಿಲ್ಲ. ಆರ್ಸನ್ ವೆಲ್ಸನಂಥ ಮಹಾಚಿತ್ರಕಾರನ ಕೈಕೆಳಗೆ ಕೆಲಸ ಮಾಡಿದವನು ಇವನು. ಆದರೂ ಜೀವನವಿಡೀ ಅವಸರ ಅವಸರವಾಗಿ ನೂರಾರು ಅಗ್ಗದ ಚಿತ್ರಗಳನ್ನು ತೆಗೆದ. ಕ್ಯಾಮೆರಾವನ್ನು ಹಳಿಯ ಮೇಲೆ ಓಡಿಸಲು ಹಣವೂ ಹೊತ್ತೂ ಬೇಕು. ಜೂಮ್ ಮಸೂರಕ್ಕೆ ಕೈಯೊಂದು ಸಾಕು. ಆದ್ದರಿಂದ ಅವನ ಚಿತ್ರಗಳಲ್ಲಿ ನೋಟ ಸುಮ್ಮಸುಮ್ಮನೆ ದೂರದಿಂದ ಹತ್ತಿರಕ್ಕೆ ಧಾವಿಸುತ್ತದೆ, ಕೆಲವು ಸಲ ಗುರಿ ತಪ್ಪಿ ಮಸುಕಾಗಿ, ಮತ್ತೆ ಸರಿಮಾಡಿಕೊಳ್ಳುತ್ತದೆ. ಮೊದಮೊದಲು ನನಗೆ ಇದರಿಂದ ತಲೆ ಸುತ್ತುತ್ತಿತ್ತು. ಬರಬರುತ್ತಾ ಅದು ಕೈಚಾಚಿ ಮುಟ್ಟಲಾರದವನು ಕಣ್ಣನ್ನೇ ಚಾಚಿದ ಹಾಗೆ ಕಾಣತೊಡಗಿತು.

ನಾನು ಇವನ್ನೆಲ್ಲ ಹೀಗೆ ಹೊಗಳುತ್ತಿರುವಾಗ ನಮ್ಮ ತರಗತಿಯ ಸಹಪಾಠಿನಿಯೊಬ್ಬಳು ಒಂದು ಮಾತು ಕೇಳಿದಳು: "ಇವನ್ನು ತೆಗೆದವರೆಲ್ಲ ಗಂಡಸರೇ ಅಲ್ವಾ?" ಹೌದು ಎಂದೆ. "ಬಟ್ಟೆ ಬಿಚ್ಚಿದವರು?" ನಾನು ಸುಮ್ಮನಾದೆ. ಈ ಪ್ರಶ್ನೆಗೆ ನನ್ನ ಬಳಿ ಪೂರ್ಣ ಉತ್ತರ ಇಂದಿಗೂ ಇಲ್ಲ. ಈ ಜಾತಿಯ ಚಿತ್ರಗಳಲ್ಲಿ ಹೆಚ್ಚಿನವು ಬರಿಯ ಹೊಲಸು; ಹೆಣ್ಣನ್ನು ಅಂಗಡಿಯ ಗಾಜಿನೊಳಗಿನ ಸರಕಿನಂತೆ ತೋರಿಸುವಂಥವು. ನನಗೆ ಪ್ರಿಯವಾದ ಚಿತ್ರಗಳಲ್ಲಿಯೂ ಕತೆ ತಟಕ್ಕನೆ ನಿಂತು, ನಿರ್ಮಾಪಕರಿಗೆ ಸಲ್ಲಬೇಕಾದ ಕಂದಾಯ ಸಲ್ಲಿಕೆಯಾಗುವ ಘಳಿಗೆಗಳಿವೆ. ಅವುಗಳ ಎದುರು ನಾನು ಇಂದು ಕುಳಿತುಕೊಳ್ಳುವುದು ಸ್ವಲ್ಪ ನಾಚಿಕೆಯಿಂದ.

ಆದರೂ ಅವಳಿಗೆ ಒಂದನ್ನು ಹೇಳಿದೆ. ಕ್ಯೂಮೆಲನ ಚಿತ್ರದಲ್ಲಿ ಆ ಮುಪ್ಪಿಲ್ಲದ ಹೆಂಗಸಾಗಿ ನಟಿಸಿದವಳು ಡೆಲ್ಫೀನ್ ಸೇರಿಗ್. ಅದೇ ಸೇರಿಗ್ ನಾಲ್ಕು ವರ್ಷದ ಮೇಲೆ, 1975ರಲ್ಲಿ, ಶಾಂತಾಲ್ ಆಕರ್ಮಾನ್ ಎಂಬ ತರುಣಿ ತೆಗೆದ 'ಜಾನ್ ದಿಲ್ಮಾನ್' ಚಿತ್ರದಲ್ಲಿ ಆಲೂಗೆಡ್ಡೆ ಸುಲಿಯುವ ಗೃಹಿಣಿಯಾದಳು. 2022ರಲ್ಲಿ 'ಸೈಟ್ ಅಂಡ್ ಸೌಂಡ್' ಪತ್ರಿಕೆ ವಿಮರ್ಶಕರ ಮತ ಸಂಗ್ರಹಿಸಿದಾಗ ಸರ್ವಶ್ರೇಷ್ಠ ಚಿತ್ರವೆಂದು ಮೊದಲ ಸ್ಥಾನಕ್ಕೆ ಬಂದದ್ದು ಆ ಚಿತ್ರ. ಹೆಂಗಸರ ಹಕ್ಕಿಗಾಗಿ ಬಹಿರಂಗವಾಗಿ ಹೋರಾಡಿದ ಆ ನಟಿ ಪಿಶಾಚಿಯ ಪಾತ್ರವನ್ನು ಎಡಗೈಯಿಂದ ಮಾಡಿ ಮುಗಿಸಲಿಲ್ಲ. ಅವಳ ಮೃದುವಾದ ಮಾತಿನಲ್ಲಿ, ನಗುವಿನಲ್ಲಿ, ಶತಮಾನಗಳ ಒಂಟಿತನ ಕಾಣುತ್ತದೆ. ಸಹಪಾಠಿನಿ ಎಲ್ಲವನ್ನೂ ಕೇಳಿ, "ಅದು ಅವಳ ದೊಡ್ಡತನ, ನಿನ್ನ ಚಿತ್ರಗಳದ್ದಲ್ಲ" ಎಂದಳು. ಆ ಮಾತನ್ನು ಇಲ್ಲಿ ಹಾಗೆಯೇ ಬರೆದಿದ್ದೇನೆ. ತೂಗಿ ನೋಡುವ ಕೆಲಸ ವಾಚಕರದು.

ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅನಿರೀಕ್ಷಿತವಾಗಿ, ಕಾವ್ಯಮೀಮಾಂಸೆಯ ತರಗತಿಯಲ್ಲಿ. ನಮ್ಮ ಕನ್ನಡದ ಮೇಷ್ಟರು ರಸವಿರೋಧವನ್ನು ಪಾಠ ಮಾಡುತ್ತಿದ್ದರು. ಕೆಲವು ರಸಗಳು ಒಂದಕ್ಕೊಂದು ಹೊಂದುವುದಿಲ್ಲ. ಶೃಂಗಾರದ ಪಕ್ಕದಲ್ಲಿ ಬೀಭತ್ಸವನ್ನಾಗಲಿ ಭಯಾನಕವನ್ನಾಗಲಿ ಇಟ್ಟರೆ ಎರಡೂ ಕೆಡುತ್ತವೆ ಎನ್ನುವುದು ಆಲಂಕಾರಿಕರ ಎಚ್ಚರಿಕೆ. ಹಿಂದಿನ ಬೆಂಚಿನಲ್ಲಿದ್ದ ನಾನು ನನ್ನ ಚಿತ್ರಗಳಿಗೆ ಮರಣಶಾಸನ ಬಂತೆಂದುಕೊಂಡೆ. ಆಗ ಮೇಷ್ಟರು ಅಪವಾದವನ್ನು ವಿವರಿಸಿದರು. ಮಹಾಭಾರತದ ಸ್ತ್ರೀಪರ್ವ. ಯುದ್ಧ ಮುಗಿದ ಮೇಲೆ ರಣರಂಗದಲ್ಲಿ ಭೂರಿಶ್ರವಸ್ಸಿನ ಹೆಂಡತಿ ಗಂಡನ ಕತ್ತರಿಸಿದ ಕೈಯನ್ನು ಎತ್ತಿಕೊಂಡು ಅಳುತ್ತಾಳೆ. ಅಳುವಾಗ ಅವಳಿಗೆ ನೆನಪಾಗುವುದು ಆ ಕೈಯ ಪರಾಕ್ರಮವಲ್ಲ. ಏಕಾಂತದಲ್ಲಿ ಅದು ತನ್ನನ್ನು ಮುಟ್ಟಿದ್ದು, ತನ್ನ ನಡುಪಟ್ಟಿಯನ್ನು ಸೆಳೆದದ್ದು. ಅಲ್ಲಿ ಶೃಂಗಾರ ಕರುಣಕ್ಕೆ ಅಡ್ಡಿಯಾಗುವುದಿಲ್ಲ. ನೆನಪಾಗಿ ಬಂದ ಶೃಂಗಾರ ಕರುಣದ ಕೈಕೆಲಸ ಮಾಡುತ್ತದೆ, ದುಃಖವನ್ನು ಇಮ್ಮಡಿಗೊಳಿಸುತ್ತದೆ.

ನನಗೆ ಮೈ ಜುಮ್ಮೆಂದಿತು. ನಿರ್ಮಾಪಕರು ಕೇಳಿದ್ದು ಶೃಂಗಾರ ಮತ್ತು ಭಯಾನಕ. ಭಿತ್ತಿಪತ್ರದ ಮೇಲೆ ಹಾಕಿದ್ದೂ ಅವೇ. ಆದರೆ ಈ ಚಿತ್ರಗಳಲ್ಲಿ ಒಳ್ಳೆಯವು ಕೊಟ್ಟದ್ದು ಕರುಣ. ಸಾಯಲಾರದವಳು ಬದುಕಿದವರನ್ನು ಅಪ್ಪಿಕೊಳ್ಳುವುದು ಹಸಿವಿನಿಂದ ಮಾತ್ರವಲ್ಲ. ಬೆಚ್ಚಗಿರುವುದೆಂದರೆ ಹೇಗಿತ್ತು ಎಂದು ಅವಳಿಗೆ ನೆನಪಿರುವುದರಿಂದ. ಅವಳ ಮೋಹವೆಲ್ಲ ಹಿಂದಕ್ಕೆ ನೋಡುವ ಮೋಹ. ಮೇಷ್ಟರಿಗೆ ತರಗತಿಯ ಹೊರಗೆ ಇದನ್ನು ತೊದಲುತ್ತಾ ಹೇಳಿದೆ. ಚಿತ್ರಗಳ ಹೆಸರು ಕೇಳಿ ಅವರು ಕನ್ನಡಕದ ಮೇಲಿಂದ ನೋಡಿದರು. "ಏನಾದರೂ ನೋಡಯ್ಯ, ಆದರೆ ನೋಡಿದ್ದಕ್ಕೆ ಲೆಕ್ಕ ಕೊಡು" ಎಂದರು. ಈ ಲೇಖನ ಆ ಲೆಕ್ಕ.

ಲೆಕ್ಕದಲ್ಲಿ ಒಂದು ಬಾಬ್ತು ಇನ್ನೂ ಉಳಿದಿದೆ.

ಫ್ರಾಂಕೋನ 'ವಾಂಪೈರೋಸ್ ಲೆಸ್ಬೋಸ್' ಚಿತ್ರವನ್ನು ನಾನು ನೋಡಿದ್ದು ಕಳೆದ ವರ್ಷದ ಪರೀಕ್ಷೆಗಳು ಮುಗಿದ ಮೇಲೆ. ಸ್ಟೋಕರನ ಕತೆಯನ್ನು ತಲೆಕೆಳಗು ಮಾಡಿದ ಚಿತ್ರ ಅದು: ಪಿಶಾಚಿಯೂ ಹೆಣ್ಣು, ಆಸ್ತಿಯ ಕಾಗದಪತ್ರಕ್ಕಾಗಿ ಅವಳ ದ್ವೀಪಕ್ಕೆ ಬರುವ ವಕೀಲರ ಕಚೇರಿಯವಳೂ ಹೆಣ್ಣು. ಕತ್ತಲೆಯ ಕೋಟೆಯ ಬದಲು ಇಸ್ತಾಂಬುಲಿನ ಬಿಸಿಲು. ಈ ಪಿಶಾಚಿನಿ ಹಗಲಿನಲ್ಲಿ ಕಡಲದಂಡೆಯಲ್ಲಿ ಬಿಸಿಲು ಕಾಯುತ್ತಾಳೆ! ನಡುನಡುವೆ ಕಾರಣವಿಲ್ಲದೆ ಒಂದು ಚೇಳು, ಒಂದು ಗಾಳಿಪಟ. ಆದರೆ ನಾಯಕಿ ತೆರೆಯ ಮೇಲೆ ಬಂದಳೆಂದರೆ ಬೇರೆ ಯಾವುದೂ ಕಾಣಿಸುವುದಿಲ್ಲ. ದೊಡ್ಡ ಕಣ್ಣುಗಳ, ಯಾರನ್ನೋ ಕಳೆದುಕೊಂಡಂತಿರುವ ಮುಖ. ಹೆಸರುಪಟ್ಟಿಯಲ್ಲಿ ಸುಸಾನ್ ಕೊರ್ಡಾ ಎಂದಿತ್ತು. ಯಾರಿವಳು ಎಂದು ಹುಡುಕಿದೆ.

ಅವಳ ಹೆಸರು ಸೊಲೆದಾದ್ ಮಿರಾಂದಾ. ಸೊಲೆದಾದ್ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಏಕಾಂತ, ಒಂಟಿತನ. 1943ರಲ್ಲಿ ಸೆವಿಯಾ ನಗರದಲ್ಲಿ ಹುಟ್ಟಿದವಳು. ಚಿತ್ರೀಕರಣ ನಡೆದದ್ದು 1970ರಲ್ಲಿ. ಆ ವರ್ಷದ ಆಗಸ್ಟ್ 18ರಂದು ಪೋರ್ಚುಗಲ್ಲಿನಲ್ಲಿ ಗಂಡನೊಡನೆ ಹೋಗುತ್ತಿದ್ದ ಕಾರು ಅಪಘಾತಕ್ಕೀಡಾಗಿ ಅವಳು ತೀರಿಕೊಂಡಳು. ಇಪ್ಪತ್ತೇಳು ವರ್ಷ. ಚಿತ್ರ ಜರ್ಮನಿಯಲ್ಲಿ ತೆರೆಗೆ ಬಂದದ್ದು ಮರುವರ್ಷ. ಅಂದರೆ ಆ ಪಿಶಾಚಿಯನ್ನು ಚಿತ್ರಮಂದಿರದಲ್ಲಿ ಕಂಡ ಮೊದಲನೆಯ ಪ್ರೇಕ್ಷಕನೂ ಸತ್ತವಳನ್ನೇ ನೋಡಿದ. ಐವತ್ತು ವರ್ಷಗಳಾಚೆ, ನಮ್ಮ ಜಿಲ್ಲೆಯ ವಿದ್ಯಾರ್ಥಿನಿಲಯದಲ್ಲಿ, ಅಂಗೈಯಗಲದ ಮೊಬೈಲಿನಲ್ಲಿ, ಅವಳು ಇನ್ನೂ ಇಪ್ಪತ್ತೇಳರವಳು. ಮುಪ್ಪಿಲ್ಲ, ಸಾವಿಲ್ಲ, ರಾತ್ರಿ ಕರೆದರೆ ಬರುತ್ತಾಳೆ. ಪಿಶಾಚಿಯೆಂದರೆ ಇದೇ ಅಲ್ಲವೆ? ಅಂದು ನಾನು ಚಿತ್ರವನ್ನು ಮತ್ತೆ ನೋಡಲಿಲ್ಲ. ಮೊಬೈಲನ್ನು ಮಗುಚಿಟ್ಟು ಕತ್ತಲಲ್ಲಿ ಮಲಗಿದೆ. ನೆನಪಾದದ್ದು ನಮ್ಮ ಮನೆಯ ಬೀರು.

ನನಗೆ ಒಬ್ಬಳು ಅಕ್ಕ ಇದ್ದಳು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅವಳ ಮದುವೆಯಾಯಿತು, ಪಿ.ಯು.ಸಿ. ಓದುವಾಗ, ಹೆರಿಗೆಯಾದ ಹನ್ನೊಂದನೆಯ ದಿನ, ಜ್ವರದಲ್ಲಿ ಹೋದಳು. ಅವಳ ಮದುವೆಯ ಡಿವಿಡಿ ನಮ್ಮ ಮನೆಯ ಬೀರುವಿನ ತಳದಲ್ಲಿ, ಅಮ್ಮನ ರೇಷ್ಮೆ ಸೀರೆಯ ಮಡಿಕೆಯೊಳಗೆ ಇತ್ತು. ಅದನ್ನು ಯಾರೂ ತೆಗೆಯುತ್ತಿರಲಿಲ್ಲ. ಒಮ್ಮೆ ನಾನು ಕೇಳಿದ್ದಕ್ಕೆ ಅಮ್ಮ, "ಅದು ಕೆಟ್ಟುಹೋಗಿದೆ" ಎಂದಿದ್ದಳು. ರೊಲಾಂನ 'ಲೆವ್ರ್ ದ ಸಾಂ' (1975) ಎಂಬ ಚಿತ್ರದಲ್ಲಿ ಹೀಗೇ ಒಬ್ಬ ತಾಯಿಯಿದ್ದಾಳೆ. ಒಂದು ಔತಣಕೂಟದಲ್ಲಿ ಮಗ ಕಡಲ ಬದಿಯ ಪಾಳುಕೋಟೆಯ ಛಾಯಾಚಿತ್ರವನ್ನು ಕಾಣುತ್ತಾನೆ. ಎಳವೆಯಲ್ಲಿ ಒಂದು ರಾತ್ರಿ ದಾರಿ ತಪ್ಪಿದ ತನಗೆ ಬಿಳಿಯ ಉಡುಪಿನ ಹುಡುಗಿಯೊಬ್ಬಳು ಅಲ್ಲಿ ಆಸರೆ ಕೊಟ್ಟದ್ದು ನೆನಪಾಗುತ್ತದೆ. ತಾಯಿ, ಅಂಥದ್ದೇನೂ ನಡೆದಿಲ್ಲ, ನಿನ್ನ ಭ್ರಮೆ ಎನ್ನುತ್ತಾಳೆ. ಅವನು ಚಿತ್ರ ತೋರಿಸಿದ ದಾರಿ ಹಿಡಿದು ಹೊರಡುತ್ತಾನೆ. ಆ ಚಿತ್ರವನ್ನು ನಾನು ಮೂರು ಸಲ ನೋಡಿದ್ದೆ. ಯಾಕೆ ಎಂದು ನನ್ನನ್ನೇ ಕೇಳಿಕೊಂಡಿರಲಿಲ್ಲ.

ದಸರೆಯ ರಜೆಗೆ ಊರಿಗೆ ಹೋಗುವಾಗ ಕೋಣೆಯ ಮಿತ್ರನ ಆ ಹಳೆಯ ಲ್ಯಾಪ್‌ಟಾಪನ್ನು ಕೇಳಿ ತೆಗೆದುಕೊಂಡು ಹೋದೆ. ಅದರಲ್ಲಿ ಡಿವಿಡಿ ಹಾಕುವ ಜಾಗವಿತ್ತು. ಅಪ್ಪ ಹೊಲಕ್ಕೆ ಹೋದ ಮೇಲೆ, ಅಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ, ಬೀರು ತೆಗೆದೆ. ಡಿವಿಡಿ ಕೆಟ್ಟಿರಲಿಲ್ಲ.

ನಮ್ಮ ಪೇಟೆಯ ಸ್ಟುಡಿಯೋದವನು ಹೆಸೂಸ್ ಫ್ರಾಂಕೋನ ಹೆಸರು ಕೇಳಿದವನಲ್ಲ. ಆದರೆ ಅವನ ಜೂಮನ್ನು ನೋಡಿ ನನಗೆ ನಗು ಬಂತು. ತಾಳಿ ಕಟ್ಟುವ ಹೊತ್ತಿಗೆ ನೋಟ ದೂರದಿಂದ ಧಾವಿಸಿ ಬಂದು, ಗುರಿ ತಪ್ಪಿ, ಪುರೋಹಿತರ ಕಿವಿಯ ಮೇಲೆ ನಿಂತಿತು. ಆಮೇಲೆ ತಡವರಿಸುತ್ತಾ ಅಕ್ಕನ ಕೊರಳನ್ನು ಹುಡುಕಿಕೊಂಡಿತು. ಗುಲಾಬಿ ದಳಗಳು ಉದುರಿದವು. ಹೃದಯದ ಆಕಾರದ ಚೌಕಟ್ಟಿನಲ್ಲಿ ಅಕ್ಕಭಾವ ಸುತ್ತಿದರು. ದುಡ್ಡಿದ್ದವರ ಮದುವೆಯ ಚಿತ್ರದಲ್ಲಿ ಬೇಡವಾದದ್ದನ್ನೆಲ್ಲ ಕತ್ತರಿಸಿ ತೆಗೆದಿರುತ್ತಾರೆ. ಇವನು ಏನನ್ನೂ ಕತ್ತರಿಸಿರಲಿಲ್ಲ. ಆದ್ದರಿಂದ ಅಕ್ಕ ಆಕಳಿಸಿದ್ದು ಅಲ್ಲಿತ್ತು. ಜಡೆಯ ಭಾರಕ್ಕೆ ಕುತ್ತಿಗೆ ನೋಯುತ್ತಿದೆಯೆಂದು ಗೆಳತಿಗೆ ಸನ್ನೆ ಮಾಡಿದ್ದು ಅಲ್ಲಿತ್ತು. ಕ್ಯಾಮೆರಾದ ಪಕ್ಕದಲ್ಲಿ ನಾನು ನಿಂತಿದ್ದಿರಬೇಕು, ಅವಳು ಒಮ್ಮೆ ನೇರವಾಗಿ ನೋಡಿ, "ಲೋ, ಊಟ ಆಯ್ತೇನೋ?" ಎಂದಳು.

ಬಡ ಚಿತ್ರಕ್ಕೆ ಮುಚ್ಚಿಡುವ ಸಾಮರ್ಥ್ಯವಿಲ್ಲ. ಕೋಟೆಯನ್ನೂ ಕಡಲನ್ನೂ ಮುಖವನ್ನೂ ಅವು ಆ ದಿನ ಇದ್ದ ಹಾಗೆಯೇ ಬಿಟ್ಟುಬಿಡುತ್ತದೆ. ಕತೆ ಕೆಟ್ಟರೂ ಇದ್ದದ್ದು ಉಳಿಯುತ್ತದೆ. ಪೂರ್ವಿಲ್ಲಿನ ಬೆಳಗು, ಓಸ್ಟೆಂಡಿನ ಚಳಿ, ಸೊಲೆದಾದಳ ಕಣ್ಣು ನನ್ನ ಗಂಟಲು ಕಟ್ಟಿಸಿದ್ದು ಇದರಿಂದ ಎಂದು ಆಗ ನನಗೆ ಅರ್ಥವಾಯಿತು.

ಹಿಂದೆ ಬಳೆಯ ಸದ್ದಾಯಿತು. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಲ್ಯಾಪ್‌ಟಾಪ್ ಮುಚ್ಚಹೋದೆ. ನಾಲ್ಕು ವರ್ಷ ನಮ್ಮ ಮನೆಯಲ್ಲಿ ಎಲ್ಲರೂ ಅಕ್ಕನಿಗೆ 'ನಾಳೆ ಬಾ' ಎಂದೇ ಬರೆದು ಕುಳಿತಿದ್ದೆವು. ಅಮ್ಮ ಹೊಸ್ತಿಲು ದಾಟಿ ಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡು, ನನ್ನ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. "ಮೊದಲಿಂದ ಹಾಕು" ಎಂದಳು.

ಮೊದಲಿಂದ ಹಾಕಿದೆ. ಮುಯ್ಯಿ ಕೊಡಲು ಸಾಲುಗಟ್ಟಿ ಬಂದ ನೆಂಟರ ಮುಕ್ಕಾಲು ಗಂಟೆಯನ್ನೂ ಬಿಡದೆ ನೋಡಿದೆವು. ಅಮ್ಮ ಅತ್ತಳು, ನಡುವೆ, ಪುರೋಹಿತರ ಕಿವಿ ಬಂದಾಗ, ನಕ್ಕಳು. ಮುಗಿದ ಮೇಲೆ ಡಿವಿಡಿಯನ್ನು ಸೆರಗಿನಿಂದ ಒರೆಸಿ ಬೀರುವಿನಲ್ಲಿಟ್ಟಳು. ಈ ಸಲ ತಳದಲ್ಲಲ್ಲ, ಮೇಲಿನ ತಟ್ಟಿನಲ್ಲಿ, ಕೈಗೆ ಸಿಗುವ ಹಾಗೆ.

ಸಂಪಾದಕ ಮಿತ್ರನಿಗೆ ಒಂದು ಮಾತು: ಪ್ರಿನ್ಸಿಪಾಲರು ಏನಾದರೂ ಕೇಳಿದರೆ, ಲೇಖಕ ರಕ್ತಪಿಶಾಚಿಗಳ ಸಹವಾಸ ಮಾಡಿ ಕೆಟ್ಟಿಲ್ಲ, ರಜೆಯಲ್ಲಿ ಅಮ್ಮನ ಪಕ್ಕದಲ್ಲಿ ಕುಳಿತಿದ್ದ ಎಂದು ತಿಳಿಸು. ರೊಲಾಂನ ಇನ್ನೂ ನಾಲ್ಕಾರು ಚಿತ್ರಗಳು ನಾನು ನೋಡುವುದಕ್ಕೆ ಬಾಕಿ ಇವೆ. ಅವನ್ನೂ ನೋಡುತ್ತೇನೆ. ಲ್ಯಾಪ್‌ಟಾಪನ್ನು ಮಾತ್ರ ಮಿತ್ರನಿಗೆ ಹಿಂದಿರುಗಿಸಿದ್ದೇನೆ.